ತೂಕ ನೋಡಿ ಕತ್ತರಿಸಿದ ಪುಸ್ತಕ

"ಮಂಗಳವಾರ ನಾನು ಬರೋದಿಲ್ಲ," ಎಂದು ತಮ್ಮ ಹೇಳಿದಾಗ ಅಕ್ಕ ಅವನ ಆ ದಿನದ ನೀರನ್ನು ಅಳತೆಯ ಜಾಡಿಗೆ ಸುರಿಯುತ್ತಿದ್ದಳು. ದಿನಕ್ಕೆ ಏಳುನೂರೈವತ್ತು ಮಿಲಿಲೀಟರ್. ಚಹಾ, ಮಾತ್ರೆ ನುಂಗುವ ಗುಟುಕು, ಬಾಯಾರಿದಾಗ ಚೀಪುವ ಮಂಜುಗಡ್ಡೆಯ ಚೂರು, ಎಲ್ಲ ಅದರಲ್ಲೇ. ಅವಳು ಬಗ್ಗಿ ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಗೆರೆ ಕೂಡಿತೇ ಎಂದು ನೋಡಿ, ಆಮೇಲೆ ತಲೆಯೆತ್ತಿದಳು. ಇಪ್ಪತ್ತೆರಡು ವರ್ಷ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದವಳು. ಮನೆಗೆ ಬೆಂಕಿ ಬಿದ್ದರೂ ಮೊದಲು ಗೆರೆ ನೋಡಿ ಆಮೇಲೆ ಓಡುವ ಪೈಕಿ.

"ಎಲ್ಲಿಗೆ ಬರೋದಿಲ್ಲ?"

"ಆಸ್ಪತ್ರೆಗೆ. ಮಂಗಳವಾರಾನೂ ಇಲ್ಲ, ಆಮೇಲೂ ಇಲ್ಲ. ಸಾಕು ಅಕ್ಕಾ."

ಊಟದ ತಟ್ಟೆಗೆ ಕೈ ಅಡ್ಡ ಹಿಡಿದು ಇನ್ನೊಂದು ಸೌಟು ಬೇಡ ಎನ್ನುವವನ ಹಾಗೆ ಹೇಳಿದ. ಕಿಟಕಿಯ ಪಕ್ಕದ ಮಂಚದಲ್ಲಿ ಗೋಡೆಗೊರಗಿ ಕೂತಿದ್ದ. ತೊಡೆಯ ಮೇಲೆ ಪುಸ್ತಕದ ತುಂಡೊಂದು ಮುಚ್ಚಿ ಬಿದ್ದಿತ್ತು. ಭಾನುವಾರ ಬೆಳಗ್ಗೆ, ಗಂಟೆ ಒಂಬತ್ತು.

ಅವನ ಮೂತ್ರಪಿಂಡಗಳು ಕೈಕೊಟ್ಟು ಹದಿನಾಲ್ಕು ತಿಂಗಳಾಗಿತ್ತು. ಮಂಗಳವಾರ, ಗುರುವಾರ, ಶನಿವಾರ ನಾಲ್ಕು ನಾಲ್ಕು ಗಂಟೆ ಯಂತ್ರವೊಂದು ಅವನ ರಕ್ತವನ್ನು ಹೊರಗೆಳೆದು, ಸೋಸಿ, ಹೆಚ್ಚಿನ ನೀರು ತೆಗೆದು ವಾಪಸ್ ಕೊಡುತ್ತಿತ್ತು. ಅದು ನಿಂತರೆ ಏನಾಗುತ್ತದೆಂದು ಅಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನೀರು ಶ್ವಾಸಕೋಶ ಸೇರುತ್ತದೆ, ಇಲ್ಲವೇ ಪೊಟ್ಯಾಸಿಯಂ ಏರಿ ಒಂದು ಗಳಿಗೆಯಲ್ಲಿ ಹೃದಯ ನಿಲ್ಲುತ್ತದೆ. ವಾರ, ಹತ್ತು ದಿನ. ಅವಳು ತನ್ನದೊಂದು ಮೂತ್ರಪಿಂಡ ಕೊಡಲು ಹೋದಾಗ ಡಾಕ್ಟರು ಅವಳ ರಕ್ತದೊತ್ತಡ ನೋಡಿ ಬಾಗಿಲಿಂದಲೇ ತಿರುಗಿ ಕಳಿಸಿದ್ದರು.

"ಯಾರಾದ್ರೂ ಏನಾದ್ರೂ ಅಂದ್ರೇನೋ?"

"ಯಾರೇನಂತಾರೆ? ಓದಿದೆ. ಯೋಚನೆ ಮಾಡಿದೆ." ಅವನು ತೊಡೆಯ ಮೇಲಿನ ತುಂಡನ್ನು ಬೆರಳಿಂದ ತಟ್ಟಿದ. "ಮನಸ್ಸಲ್ಲಿ ಇದ್ದಿದ್ದಕ್ಕೆ ಇದರಲ್ಲಿ ಮಾತು ಸಿಕ್ತು."

ಅಕ್ಕನ ಕೈಯಲ್ಲಿದ್ದ ಜಾಡಿ ಮೇಜಿಗೆ ತಾಗಿ ಟಣ್ ಎಂದಿತು. ಆ ತುಂಡನ್ನು ಕತ್ತರಿಸಿ, ಹೊಲಿದು, ಅವನ ಕೈಗಿಟ್ಟವಳು ಅವಳೇ.

ಅದು ಶುರುವಾದದ್ದು ಹೀಗೆ. ತಮ್ಮ ಲಿಫ್ಟ್ ರಿಪೇರಿಯವನು. ಊರಿನ ಅರ್ಧ ಲಿಫ್ಟುಗಳು ಅವನ ಕೈ ದಾಟಿದ್ದವು. ಅವನು ಮಾತ್ರ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಅಕ್ಕನ ಜೊತೆಗಿದ್ದ. ಓದಿದ್ದು ಹತ್ತನೇ ಕ್ಲಾಸು. ಕಾಯಿಲೆ ಬಂದ ಮೇಲೆ ಮೊದಲ ತಿಂಗಳು ಆಸ್ಪತ್ರೆಯ ಛಾವಣಿಯ ಹಲಗೆ ಎಣಿಸಿದ, ನೂರಾ ಮೂವತ್ತೆರಡು. ಎರಡನೇ ತಿಂಗಳು ಮಾತು ಬಿಟ್ಟ. ಆಗ ಅಕ್ಕನ ಕಣ್ಣಿಗೆ ಬಿದ್ದದ್ದು ಕಾಲೇಜಿನ ಸೂಚನಾ ಫಲಕದಲ್ಲಿದ್ದ ಒಂದು ಪಟ್ಟಿ: 'ಕುತೂಹಲ ಇರುವ, ಪರೀಕ್ಷೆ ಇಲ್ಲದವರಿಗೆ ನಲವತ್ತೊಂದು ಪುಸ್ತಕಗಳು'. ವಿಜ್ಞಾನ, ಗಣಿತ, ತತ್ವಶಾಸ್ತ್ರ. ಅಂಟಿಸಿದವರು ಭೌತಶಾಸ್ತ್ರದ ಮೇಷ್ಟ್ರು. ಅವರು ಮಾರ್ಕೆಟ್ಟಿಗೆ ಹೋದರೂ ಪಟ್ಟಿ, ಪ್ರವಾಸಕ್ಕೆ ಹೋದರೂ ಪಟ್ಟಿ. ಹಾಗಾಗಿ ಸಿಬ್ಬಂದಿಯ ಬಾಯಲ್ಲಿ ಪಟ್ಟಿ ಮೇಷ್ಟ್ರು.

ಮೊದಲನೇ ಪುಸ್ತಕ ನಕ್ಷತ್ರಗಳಿಗೆ ಮುಪ್ಪು ಬರುವ ಬಗೆ. ಆಮೇಲೆ ಅವಿಭಾಜ್ಯ ಸಂಖ್ಯೆಗಳ ಬೆನ್ನು ಹತ್ತಿದವರ ಕಥೆ, ಶಾಖ ಯಾಕೆ ಒಂದೇ ದಿಕ್ಕಿಗೆ ಹರಿಯುತ್ತದೆ ಎಂಬುದು, ಮೆದುಳು ಬಣ್ಣ ಕಾಣುವ ಪರಿ. ಒಣಗಿದ ಸ್ಪಂಜು ನೀರು ಕುಡಿದ ಹಾಗೆ ತಮ್ಮ ಓದಿದ. ಪಕ್ಕದ ಹಾಸಿಗೆಯ ಟೈಲರಿಗೆ, ಅನಂತಗಳಲ್ಲೂ ಚಿಕ್ಕದು ದೊಡ್ಡದು ಇರುತ್ತದೆಂದು ಒಂದು ಗಂಟೆ ವಿವರಿಸಿದ. ಟೈಲರು ಎಲ್ಲ ಕೇಳಿ, "ದೊಡ್ಡದಕ್ಕೆ ಎಷ್ಟು ಮೀಟರ್ ಬಟ್ಟೆ ಬೇಕಾಗುತ್ತೆ?" ಎಂದರು. ಇಡೀ ವಾರ್ಡು ನಕ್ಕಿತು. ತಮ್ಮ ನಕ್ಕದ್ದನ್ನು ಅಕ್ಕ ಅಂದು ಬಾಗಿಲಾಚೆ ನಿಂತು ಗಾಜಿನಲ್ಲಿ ನೋಡಿದಳು. ಪಟ್ಟಿಯಲ್ಲಿ ಇನ್ನೆಷ್ಟು ಪುಸ್ತಕ ಉಳಿದಿವೆ ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೂ ಆಗಲೇ.

ತೊಡಕು ತೂಕದ್ದು. ಎಡಗೈಗೆ ಎರಡು ಸೂಜಿ, ಅದು ಅಲುಗುವಂತಿಲ್ಲ. ಬಲಗೈ ಒಂದರಲ್ಲೇ ಪುಸ್ತಕ ಹಿಡಿದು ಹೆಬ್ಬೆರಳಿನಿಂದ ಪುಟ ತಿರುವಬೇಕು. ಮುನ್ನೂರು ಗ್ರಾಂ ದಾಟಿದರೆ ಅರ್ಧ ಗಂಟೆಗೆ ಮಣಿಕಟ್ಟು ಸೋಲುತ್ತಿತ್ತು. ಅಕ್ಕ ಹಳೇ ಪುಸ್ತಕದಂಗಡಿಯಿಂದ ತಂದದ್ದನ್ನೆಲ್ಲ ಲ್ಯಾಬಿನ ತಕ್ಕಡಿಯಲ್ಲಿ ತೂಗಿ, ದಪ್ಪಗಿದ್ದರೆ ರಟ್ಟು ಕಿತ್ತು, ಬೆನ್ನಿಗೆ ಬ್ಲೇಡು ಹಾಕಿ, ಸಮತೂಕದ ಭಾಗ ಮಾಡಿ, ದಪ್ಪ ದಾರದಲ್ಲಿ ಹೊಲಿಯುತ್ತಿದ್ದಳು. ಇದಕ್ಕೊಂದು ರಿಜಿಸ್ಟರು ಬೇರೆ: ಕ್ರಮಸಂಖ್ಯೆ, ಹೆಸರು, ಪುಟ, ಷರಾ. ಮೇಷ್ಟ್ರ ಪಟ್ಟಿಯಲ್ಲಿ ಪ್ರತಿ ಪುಸ್ತಕದ ಎದುರೂ ಷರಾ ಅಂಕಣದಲ್ಲಿ ಒಂದೊಂದು ಸಾಲಿತ್ತು. ಅಕ್ಕ ತನ್ನ ರಿಜಿಸ್ಟರಿನ ಆ ಅಂಕಣದಲ್ಲಿ ಅದರ ಬದಲು ತೂಕ ಬರೆದುಕೊಂಡಳು.

ಇಪ್ಪತ್ತೇಳನೆಯದು ತತ್ವಶಾಸ್ತ್ರದ್ದು. ರಟ್ಟು ಕಿತ್ತ ಮೇಲೆ ಸಾವಿರದ ನೂರ ಎಂಬತ್ತೆಂಟು ಗ್ರಾಂ. ನಾಲ್ಕು ಭಾಗ. ಎರಡನೇ ಭಾಗದ ಕೊನೆಯೂ ಏಳನೇ ಅಧ್ಯಾಯದ ಕೊನೆಯೂ ಒಂದೇ ಪುಟಕ್ಕೆ ಬಂದಾಗ ಅವಳಿಗೆ ಖುಷಿಯೇ ಆಗಿತ್ತು.

"ಏನು ಬರೆದಿದೆ ಅದರಲ್ಲಿ?" ಎಂದು ಈಗ ಕೇಳಿದಳು.

"ಯಾಕೆ, ನೀನು ಓದೇ ಕೊಟ್ಟಿದ್ದಲ್ವಾ?"

"ಮರೆತೆ. ಹೇಳು."

"ಒಬ್ಬ ದೋಣಿಯಲ್ಲಿದ್ದಾನೆ. ದೋಣಿಗೆ ತೂತು. ನೀರು ಒಳಗೆ ಬರ್ತಾನೇ ಇದೆ, ಇವನು ಬಕೆಟ್‌ನಲ್ಲಿ ಎತ್ತಿ ಚೆಲ್ತಾನೇ ಇದ್ದಾನೆ. ಹುಟ್ಟು ಹಾಕೋಕೆ ಪುರುಸೊತ್ತಿಲ್ಲ. ಎಲ್ಲಿಗೆ ಹೊರಟಿದ್ದೆ ಅನ್ನೋದೂ ಮರೆತುಹೋಗಿದೆ. ಯಾಕಪ್ಪಾ ನೀರು ಚೆಲ್ತೀಯ ಅಂದ್ರೆ ತೇಲೋಕೆ. ಯಾಕೆ ತೇಲ್ತೀಯ ಅಂದ್ರೆ ನೀರು ಚೆಲ್ಲೋಕೆ. ಅದು ಪ್ರಯಾಣ ಅಲ್ಲ. ಬಕೆಟ್ ಕೆಳಗಿಟ್ರೆ ಅದು ಸೋಲೂ ಅಲ್ಲ. ಹೀಗೆ ಅರವತ್ತು ಪುಟ. ಒಂದು ಬೋಲ್ಟೂ ಸಡಿಲ ಇಲ್ಲ ಅಕ್ಕಾ. ಸ್ಪ್ಯಾನರ್ ಹಿಡ್ಕೊಂಡು ಹುಡುಕಿದೆ."

"ಆಮೇಲೆ? ಮುಂದೆ ಇನ್ನೂ ಎರಡು ಭಾಗ ಇದೆಯಲ್ಲ."

"ಅದು ಬೇರೆ ಏನೋ ಇರುತ್ತೆ. ಮೊದಲನೇ ಭಾಗ ಸತ್ಯ ಅಂದ್ರೇನು ಅಂತ, ಎರಡನೇದು ಬದುಕು. ಮುಂದಿನದು ಭಾಷೆಯೋ ದೇವರೋ. ನನಗೆ ಬೇಕಾಗಿದ್ದು ಸಿಕ್ತು."

ಅಕ್ಕ ಕೂಗಾಡಿದಳು. ಹೇಡಿ ಅಂದಳು, ಕೃತಘ್ನ ಅಂದಳು, ಪುಸ್ತಕ ಕಿತ್ತು ಮೂಲೆಗೆ ಎಸೆದಳು. ಆಮೇಲೆ ಮಂಚದ ಕಾಲಬುಡದಲ್ಲಿ ಕೂತು ಅವನ ಪಾದ ಹಿಡಿದು ಅತ್ತಳು. ಪಾದ ಆಗಲೇ ಊದಿತ್ತು. ಅವಳ ಬೆರಳೊತ್ತಿದ ಕಡೆ ಗುಳಿ ಬಿದ್ದು ಹಾಗೇ ನಿಂತಿತ್ತು.

ಅವನು ಅವಳ ತಲೆ ಸವರಿದ. "ದೋಣಿಯಲ್ಲಿ ನಾನೊಬ್ಬನೇ ಇದ್ದಿದ್ರೆ ಚೆಲ್ತಾ ಇರ್ತಿದ್ದೆನೇನೋ. ನೀನೂ ಬಕೆಟ್ ಹಿಡ್ಕೊಂಡು ಕೂತಿದ್ದೀಯಲ್ಲ. ನಿನಗೂ ಐವತ್ತಾಯ್ತು ಅಕ್ಕಾ."

ಅವನ ಮಾತಿನಲ್ಲಿ ಬರೀ ಶಾಂತಿ ಇತ್ತು. ಅವನು ಕೋಪದಲ್ಲಿದ್ದಿದ್ದರೆ ಇಳಿಯುವವರೆಗೆ ಕಾಯಬಹುದಿತ್ತು.

ಸೋಮವಾರ ಕಾಲೇಜಿನ ಗೇಟು ತೆಗೆಯುವುದಕ್ಕೂ ಮೊದಲೇ ಅಕ್ಕ ಅಲ್ಲಿದ್ದಳು. ಪಟ್ಟಿ ಮೇಷ್ಟ್ರು ಸ್ಕೂಟರ್ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಎದುರು ನಿಂತಳು.

"ಸರ್, ನಿಮ್ಮ ಪಟ್ಟಿಯ ಇಪ್ಪತ್ತೇಳನೇ ಪುಸ್ತಕ."

"ಅಯ್ಯೋ, ಓದಿದಿರಾ? ನಮ್ಮ ಸಹೋದ್ಯೋಗಿಗಳೇ ಯಾರೂ ಮುಟ್ಟಿಲ್ಲಮ್ಮಾ ಅದನ್ನ." ಮೇಷ್ಟ್ರ ಮುಖ ಅರಳಿತು. ಅವಳು ಹೇಳುತ್ತ ಹೋದಂತೆ ಅದು ಬಾಡಿತು. ಹೆಲ್ಮೆಟ್ ತೆಗೆಯುವುದನ್ನೇ ಮರೆತು ನಿಂತರು. "ಏಳನೇ ಅಧ್ಯಾಯಕ್ಕೆ ನಿಲ್ಲಿಸಿದ್ರಾ? ಅದರ ಎದುರು ನಾನು ಬರೆದಿದ್ದೆನಲ್ಲಮ್ಮಾ, 'ಕೊನೆತನಕ ಓದುವ ಛಲವಿದ್ದರೆ ಮಾತ್ರ ಕೈಗೆತ್ತಿಕೊಳ್ಳಿ, ನಡುವೆ ಬಿಡಬೇಡಿ' ಅಂತ. ಷರಾದಲ್ಲಿ."

"ಷರಾ ಕಡೆ ನಾನು ತೂಕ ಬರ್ಕೊಂಡೆ ಸರ್."

"ತೂಕ?"

"ಗ್ರಾಂನಲ್ಲಿ."

ಮೇಷ್ಟ್ರು ಕೈಚೀಲವನ್ನು ಸ್ಕೂಟರಿನ ಸೀಟಿನ ಮೇಲಿಟ್ಟರು. ಆಮೇಲೆ ಪಾಠ ಮಾಡುವ ದನಿಯಲ್ಲೇ, ಆದರೆ ಮೆಲ್ಲಗೆ ಹೇಳಿದರು: "ಏಳನೇ ಅಧ್ಯಾಯ ಆ ಲೇಖಕರ ಅಭಿಪ್ರಾಯವೇ ಅಲ್ಲ. ಎದುರಾಳಿಯ ವಾದವನ್ನ ಎದುರಾಳಿಗಿಂತ ಚೆನ್ನಾಗಿ ಕಟ್ಟಿ ನಿಲ್ಲಿಸೋದು, ಆಮೇಲೆ ಉತ್ತರ ಕೊಡೋದು. ಒಳ್ಳೇ ತತ್ವಜ್ಞಾನಿಗಳು ಹಾಗೇ ಮಾಡೋದು. ಉತ್ತರ ಎಂಟರಲ್ಲಿದೆ."

"ಎಂಟರಲ್ಲಿ ಅದನ್ನ ಸೋಲಿಸ್ತಾರಾ?"

"ಸೋಲಿಸೋಕೆ ನೋಡ್ತಾರೆ."

"ಗೆಲ್ತಾರಾ ಸರ್?"

ಮೇಷ್ಟ್ರು ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚಿದರು, ಮತ್ತೆ ಹಾಕಿದರು. "ನಾನು ಆರೋಗ್ಯವಾಗಿದ್ದಾಗ ಓದಿದವನು. ನನಗೆ ಗೆದ್ದ ಹಾಗೆ ಕಾಣಿಸ್ತು. ನೀವೇ ಓದಿ ನೋಡಿ."

ಮೂರನೇ ಮತ್ತು ನಾಲ್ಕನೇ ಭಾಗಗಳು ಲ್ಯಾಬಿನ ಡ್ರಾಯರಿನಲ್ಲಿದ್ದವು, ಹೊಲಿಗೆ ಆಗಿತ್ತು. ಅಂದು ಜ್ವಾಲೆ ಪರೀಕ್ಷೆಯ ತರಗತಿ. ಇಪ್ಪತ್ತು ಬರ್ನರುಗಳು ಉರಿಯುತ್ತಿದ್ದವು. ಯಾರೋ ಪೊಟ್ಯಾಸಿಯಂ ಲವಣ ಹಿಡಿದಾಗ ಒಂದು ಜ್ವಾಲೆ ತಿಳಿನೇರಳೆಗೆ ತಿರುಗಿತು. ಎಷ್ಟು ಸಾವಿರ ಸಲ ನೋಡಿದ ಬಣ್ಣ. ಅಂದು ಅವಳಿಗೆ ನೋಡಲಾಗಲಿಲ್ಲ. ದಾಸ್ತಾನು ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡು, ಆಮ್ಲದ ಬಾಟಲಿಗಳ ನಡುವೆ ಸ್ಟೂಲಿನ ಮೇಲೆ ಕೂತು ಮೂರನೇ ಭಾಗ ತೆರೆದಳು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಆ ಇಪ್ಪತ್ತಾರು ಪುಸ್ತಕಗಳಲ್ಲಿ ಒಂದನ್ನೂ ಅಕ್ಕ ಓದಿರಲಿಲ್ಲ. ತೂಗಿದ್ದಳು, ಕೊಯ್ದಿದ್ದಳು, ಹೊಲಿದಿದ್ದಳು. ಹಿಂದಿನ ರಟ್ಟಿನ ಮೇಲಿನ ನಾಲ್ಕು ಸಾಲು ಓದಿಕೊಂಡು "ಇದಂತೂ ಭಾರೀ ಚೆನ್ನಾಗಿದೆ ಕಣೋ" ಎಂದು ಅವನಿಗೆ ಕೊಟ್ಟಿದ್ದಳು. ಅವನು ಆಸ್ಪತ್ರೆಯಿಂದ ಬರುವ ದಾರಿಯುದ್ದಕ್ಕೂ ಓದಿದ್ದನ್ನು ಹೇಳುವಾಗ, ಪೊಟ್ಯಾಸಿಯಂ ಹೋಗಲು ತರಕಾರಿಯನ್ನು ಎರಡು ಸಲ ಬೇಯಿಸಿ ನೀರು ಚೆಲ್ಲಬೇಕು, ಮಾತ್ರೆ ತರಬೇಕು ಎಂದು ಯೋಚಿಸುತ್ತ ಹೂಂಗುಟ್ಟಿದ್ದಳು.

ಎಂಟನೇ ಅಧ್ಯಾಯದ ಮೊದಲ ಸಾಲುಗಳಲ್ಲೇ ಲೇಖಕರು, ಇದುವರೆಗೆ ಹೇಳಿದ್ದು ತಮ್ಮ ಮಾತಲ್ಲ, ಎದುರು ಪಕ್ಷದ್ದು ಎಂದಿದ್ದರು. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಪೆನ್ಸಿಲ್ ತೆಗೆದು ದಪ್ಪಗೆ ಗೆರೆ ಎಳೆದಳು. ಆದರೆ ಮುಂದಿನ ಪುಟದಿಂದ ಕಾಲು ಜಾರತೊಡಗಿತು. ಲೇಖಕರು ಎದುರಾಳಿಯ ಮೊದಲ ಮೆಟ್ಟಿಲನ್ನು ಒಪ್ಪಿದರು. ಎರಡನೆಯದನ್ನೂ ಒಪ್ಪಿದರು. ಉದ್ದೇಶ ಬೇರೆ ಅರ್ಥ ಬೇರೆ ಎಂದರು. ಅದು ಯಾಕೆ ಬೇರೆಯೆಂದು ಅವಳಿಗೆ ಹತ್ತಲಿಲ್ಲ. ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದಳು. ಮುಂದಿನ ಪುಟಕ್ಕೂ ಹಾಕಿದಳು. ಹೊರಗೆ ಬೆಲ್ ಹೊಡೆಯಿತು, ತರಗತಿ ಖಾಲಿಯಾಯಿತು, ಬುತ್ತಿ ಬಿಚ್ಚಲಿಲ್ಲ. ಅಧ್ಯಾಯ ಮುಗಿಸುವಾಗ ಮಧ್ಯಾಹ್ನ ಮೂರೂವರೆ. ಕೊನೆಯ ಪುಟದಲ್ಲಿ ಲೇಖಕರು, ಈ ಉತ್ತರ ತಮಗೇ ಪೂರ್ತಿ ತೃಪ್ತಿ ಕೊಟ್ಟಿಲ್ಲ ಎಂದು ಒಪ್ಪಿಕೊಂಡಿದ್ದರು.

"ಪಾಪಿ," ಎಂದಳು ಅಕ್ಕ, ಆಮ್ಲದ ಬಾಟಲಿಗಳಿಗೆ ಕೇಳುವಂತೆ. ಒಂದೇ ಒಂದು ಸುಳ್ಳು ಹೇಳಿದ್ದರೆ ಆ ಮಹಾರಾಯನ ಗಂಟೇನು ಹೋಗುತ್ತಿತ್ತು?

ಬ್ಲೇಡು ಡ್ರಾಯರಿನಲ್ಲೇ ಇತ್ತು. ಅದನ್ನು ಆ ಕೊನೆಯ ಪುಟದ ಬುಡಕ್ಕೆ ಇಟ್ಟಳು. ಒಂದು ಹಾಳೆ, ಮೂರು ಗ್ರಾಂ ಇರಲಾರದು. ಬಹಳ ಹೊತ್ತು ಹಾಗೇ ಹಿಡಿದು ಕೂತಳು. ಕೊನೆಗೆ ಬ್ಲೇಡು ಒಳಗಿಟ್ಟದ್ದು ಸತ್ಯದ ಮೇಲಿನ ಪ್ರೀತಿಯಿಂದಲ್ಲ. ತಮ್ಮ ನಟ್ಟು ಎಣಿಸದೆ ಯಂತ್ರದ ಮುಚ್ಚಳ ಹಾಕುವವನಲ್ಲ, ಪುಟಸಂಖ್ಯೆ ನೋಡದೆ ಇರುತ್ತಾನೆಯೇ?

ಮಂಗಳವಾರ ಬೆಳಗ್ಗೆ ಆರೂವರೆಗೆ ಕೆಳಗೆ ಆಟೋದವನು ಹಾರನ್ ಹೊಡೆದ. ತಮ್ಮ ಏಳಲಿಲ್ಲ. ಮೂರು ದಿಂಬು ಒಟ್ಟಿ ಅವಕ್ಕೊರಗಿ ಕೂತೇ ರಾತ್ರಿ ಕಳೆದಿದ್ದ. ಭಾನುವಾರದಿಂದ ಅವನು ಜಾಡಿಯ ಗೆರೆ ಲೆಕ್ಕಿಸದೆ ನೀರು ಕುಡಿದಿದ್ದ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಕ್ಕ ಕಿಟಕಿಯಿಂದ ಕೈ ಬೀಸಿ ಆಟೋ ಕಳಿಸಿ, ವಾರ್ಡಿಗೆ ಫೋನ್ ಮಾಡಿದಳು.

"ಏನಕ್ಕಾ, ಇಂಜಿನಿಯರ್ ಸಾಹೇಬ್ರು ಇನ್ನೂ ಹೊರಟಿಲ್ವಾ?" ಎಂದ ಡಯಾಲಿಸಿಸ್ ಟೆಕ್ನಿಷಿಯನ್. ಅವಳು ವಿಷಯ ಹೇಳಿದಾಗ ಅವನ ದನಿ ಇಳಿಯಿತು. "ನೋಡಿ, ಮಧ್ಯಾಹ್ನ ಎರಡರ ಪಾಳಿಯಲ್ಲಿ ಒಂದು ಯಂತ್ರ ಖಾಲಿ ಇದೆ. ಒಂದೂವರೆಗೆ ಇಲ್ಲಿರಬೇಕು. ಇಲ್ಲಾಂದ್ರೆ ಬೇರೆಯವರಿಗೆ ಕೊಡಬೇಕಾಗುತ್ತೆ. ಎತ್ಕೊಂಡಾದ್ರೂ ಬನ್ನಿ."

ಎತ್ತಿಕೊಂಡು ಮೂರು ಮಹಡಿ ಇಳಿಯುವುದು ಹೇಗೆಂದು ಅವಳು ಯೋಚಿಸದೇ ಇರಲಿಲ್ಲ. ಆದರೆ ಇಳಿಸಿದರೂ, ಬೇಡ ಎಂದವನ ಕೈಗೆ ಯಾರು ಸೂಜಿ ಚುಚ್ಚುತ್ತಾರೆ?

ಕೊಡಲೋ ಬೇಡವೋ ಎಂದು ರಾತ್ರಿಯೆಲ್ಲ ಚೀಲದಲ್ಲೇ ಇಟ್ಟಿದ್ದ ಮೂರನೇ ಭಾಗವನ್ನು ಅವನ ಬಲಗೈಗೆ ಕೊಟ್ಟಳು. "ನೀನು ಓದಿದ್ದು ಅವರ ಮಾತಲ್ಲ. ಎದುರಾಳಿಯದು. ಉತ್ತರ ಇಲ್ಲಿದೆ. ಓದು, ಆಮೇಲೆ ಏನು ಬೇಕಾದ್ರೂ ಮಾಡು."

ಅವನು ಮೊದಲ ಸಾಲುಗಳನ್ನು ನೋಡಿ ಹುಬ್ಬೇರಿಸಿದ. ಆಮೇಲೆ ಓದುತ್ತ ಹೋದ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವನ ಉಸಿರು ಎಣಿಸಿದಳು, ನಿಮಿಷಕ್ಕೆ ಇಪ್ಪತ್ತೆಂಟು. ಆಗಾಗ ಪುಸ್ತಕ ಕೆಳಗಿಟ್ಟು ಸುಧಾರಿಸಿಕೊಂಡು ಮತ್ತೆ ಎತ್ತುತ್ತಿದ್ದ. ಅಧ್ಯಾಯದ ಕೊನೆಯ ಪುಟಕ್ಕೆ ಬಂದಾಗ ಅವನು ನಕ್ಕ.

"ಇವನೇ ಒಪ್ಕೊಂಡಿದ್ದಾನಲ್ಲ ಅಕ್ಕಾ, ಸಾಲದು ಅಂತ."

"ಸಾಲದು ಅಂದ್ರೆ ಸುಳ್ಳು ಅಂತಲ್ವಲ್ಲ!"

"ಏಳನೇದು ಯಾರದ್ದಾದ್ರೇನು? ನಾನು ಬಿಚ್ಚಿ ನೋಡಿದ ಯಂತ್ರ ಯಾವ ಕಂಪನಿದು ಅಂತ ತಪ್ಪು ತಿಳ್ಕೊಂಡಿದ್ದೆ. ಆದ್ರೆ ಬೋಲ್ಟು ಗಟ್ಟಿ ಇದೆಯಲ್ಲ."

"ಗಟ್ಟಿ ಇಲ್ಲ. ಆ ದೋಣಿಯವನಿಗೆ ಎರಡೂ ಕೈ ಬಕೆಟ್ ಮೇಲಿತ್ತು. ನಿನಗೆ ಒಂದು ಕೈ ಖಾಲಿ ಇತ್ತು. ಆ ಕೈಯಲ್ಲಿ ಇಪ್ಪತ್ತಾರು ಪುಸ್ತಕ ಓದಿದ್ದೀಯ. ಟೈಲರಿಗೆ ಅನಂತ ಹೇಳಿಕೊಟ್ಟೆ. ಅದೇನು ನೀರು ಚೆಲ್ಲಿದ್ದಾ?"

ಅವನು ತಲೆ ಬಗ್ಗಿಸಿ ತನ್ನ ಬಲಗೈ ನೋಡಿಕೊಂಡ. ತಗುಲಿತು, ತಗುಲಿತು ಎಂದುಕೊಂಡಳು.

"ನನ್ನ ಒಂದು ಕೈ ಖಾಲಿ ಇರಲಿ ಅಂತ ನಿನ್ನ ಎರಡೂ ಕೈ ಹೋಯ್ತು," ಎಂದ ಅವನು. "ನೀನು ಓದಿದ್ದು ಯಾವಾಗ, ಹೇಳು ನೋಡೋಣ? ಆ ಅವಿಭಾಜ್ಯ ಸಂಖ್ಯೆ ಪುಸ್ತಕದ ಕೊನೆಯಲ್ಲಿ ಏನಿತ್ತು?"

ಅಕ್ಕ ಸೆರಗಿನ ಅಂಚಿನ ದಾರ ಕಿತ್ತಳು.

"ಓದಿಲ್ಲ ಅಲ್ವಾ? ಒಂದೂ ಓದಿಲ್ಲ. ನಾನು ದಾರೀಲಿ ಹೇಳೋವಾಗ ನಿನ್ನ ಹೂಂ ಎಲ್ಲಿಂದ ಬರುತ್ತೆ ಅಂತ ಗೊತ್ತಾಗಲ್ವೇನೆ ನನಗೆ? ನಾನು ಹೇಳಿದ್ದು ಅದನ್ನೇ. ಬಕೆಟ್ ಹಿಡಿದಿರೋಳು ನೀನು."

"ಲಿಫ್ಟಿಗೆ ಸಮತೋಲನಕ್ಕೆ ಎದುರು ತೂಕ ಕಟ್ಟಿರಲ್ವಾ, ಹಾಗೆ ಅಂದ್ಕೋ! ನಾನು ನಿನ್ನ..."

"ಸಿನಿಮಾ ಡೈಲಾಗ್ ಬೇಡ ಅಕ್ಕಾ," ಎಂದು ಅವನು ಕಣ್ಣು ಮುಚ್ಚಿದ. "ಎದುರು ತೂಕ ಬರೀ ಕಬ್ಬಿಣದ ಗಟ್ಟಿ. ಅದಕ್ಕೆ ವಯಸ್ಸಾಗಲ್ಲ."

ಗಂಟೆ ಹನ್ನೆರಡಾಗಿತ್ತು. ಅಕ್ಕನ ಹತ್ತಿರ ಇನ್ನು ವಾದ ಉಳಿದಿರಲಿಲ್ಲ. ಕಣ್ಣೀರು ಭಾನುವಾರವೇ ಮುಗಿದಿತ್ತು. ಅವಳು ಎದ್ದು ಹೋಗಿ ಮಂಚದ ಪಕ್ಕ ನೆಲದ ಮೇಲೆ ಧಪ್ಪನೆ ಕೂತಳು. ಕೂತಲ್ಲಿಂದ ಕೋಪವೊಂದೇ ಬಂತು. ಅವನ ಮೇಲೋ, ಲೇಖಕನ ಮೇಲೋ, ತನ್ನ ಮೇಲೋ ಅವಳಿಗೇ ಗೊತ್ತಾಗಲಿಲ್ಲ.

"ಹೌದು, ಓದಿಲ್ಲ. ಒಂದೂ ಓದಿಲ್ಲ. ಇದೇ ಮೊದಲನೇದು, ನಿನ್ನೆ ಓದಿದ್ದು. ಅರ್ಥವೇ ಆಗಲಿಲ್ಲ! ಉದ್ದೇಶ ಬೇರೆ, ಅರ್ಥ ಬೇರೆ ಅಂತೆ. ಏನು ಬೇರೆ? ಊಟಾನೂ ಬಿಟ್ಟು ಕೂತೆ ಲ್ಯಾಬಿನ ಆ ಕೋಣೆಯಲ್ಲಿ. ದಡ್ಡಿ ಅನ್ನಿಸ್ತು. ನೀನು ಹತ್ತನೇ ಕ್ಲಾಸ್ ಓದಿದೋನು, ಇದನ್ನ ಒಂದು ಬೆಳಗ್ಗೆಯಲ್ಲಿ ಓದಿ ನಗ್ತೀಯ. ನನಗೂ ಒಂದು ಸಲ ನಗಬೇಕು ಅನ್ನಿಸುತ್ತೆ ಕಣೋ. ಯಾವುದಕ್ಕೆ ನನ್ನ ತಮ್ಮ ಹೋಗ್ತೀನಿ ಅಂತಿದ್ದಾನೆ ಅನ್ನೋದಾದ್ರೂ ನನಗೆ ತಿಳೀಬೇಡ್ವಾ?"

ಅವನು ಕಣ್ಣು ತೆರೆದ. ಮೂರನೇ ಭಾಗವನ್ನು ಮತ್ತೆ ಎತ್ತಿ, ಹೆಬ್ಬೆರಳಿನಿಂದ ಪುಟ ಹಾರಿಸಿದ. ಅಂಚಿನಲ್ಲೆಲ್ಲ ಪೆನ್ಸಿಲಿನ ಪ್ರಶ್ನೆ ಚಿಹ್ನೆ. ಓದುವಾಗ ಅವನು ಅವನ್ನು ಹಳೇ ಪುಸ್ತಕದ ಗುರುತುಗಳೆಂದು ಬಿಟ್ಟಿದ್ದ.

"ಇದೆಲ್ಲ ನಿಂದಾ?"

"ಮತ್ಯಾರದ್ದು?"

"ಪ್ರತಿ ಪುಟಕ್ಕೂ ಇದೆಯಲ್ಲೇ."

"ಪ್ರತಿ ಪುಟವೂ ಅರ್ಥ ಆಗಿಲ್ಲ."

ಅವನು ಮೊದಲ ಚಿಹ್ನೆಯ ಪುಟಕ್ಕೆ ಬಂದ. "ಇದು ಸುಲಭ ಕಣೆ. ಉದ್ದೇಶ ಅಂದ್ರೆ... ಲಿಫ್ಟು ಮೇಲೆ ಹ್ಯಾಗೆ ಹೋಗುತ್ತೆ ಬಿಡು, ಯಾಕೆ ಹೋಗುತ್ತೆ? ಒಳಗಿರೋನು ಐದನೇ ಮಹಡಿಗೆ ಹೋಗಬೇಕು. ಅದು ಉದ್ದೇಶ. ಈಗ ಒಂದು ಮಗು..." ಅವನು ನಿಂತು ಉಸಿರೆಳೆದುಕೊಂಡ. ಎಳೆದದ್ದು ಗಂಟಲಿಂದ ಕೆಳಗಿಳಿಯಲಿಲ್ಲ. "ಒಂದು ಮಗು ಸುಮ್ನೆ ಮೇಲೆ ಕೆಳಗೆ..." ಮತ್ತೆ ನಿಂತ. ತುಟಿ ನೀಲಿಗಟ್ಟಿತ್ತು. ಎದೆಯೊಳಗೆ ನೀರು ಗುಳುಗುಳು ಎನ್ನುವುದು ಅಕ್ಕನಿಗೂ ಕೇಳಿಸಿತು.

ಅವಳು ಕೈಯೆತ್ತಿ ಅವನ ಮುಂಗೈ ಹಿಡಿದಳು. ಆಸ್ಪತ್ರೆ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ಕಚ್ಚಿ ಹಿಡಿದಳು. ಈಗ ಆಡಿದರೆ ಕೆಡುತ್ತದೆ ಎಂದು ಅವಳಿಗೆ ಯಾಕೆ ಅನಿಸಿತೋ.

ಅವನು ಮೂರನೇ ಸಲ ಶುರುಮಾಡಿದ. "ಮಗೂಗೆ ಯಾವ ಮಹಡಿಯೂ..." ವಾಕ್ಯ ಮುಗಿಯಲಿಲ್ಲ. ಮುಗಿಸಲಾಗದ್ದಕ್ಕೆ ಅವನ ಮುಖದಲ್ಲಿ ಮೊದಲ ಬಾರಿಗೆ ಸಿಟ್ಟು ಬಂತು. ಭಾನುವಾರದಿಂದ ಇದ್ದ ಆ ಶಾಂತಿ ಒಡೆಯಿತು. ಪುಸ್ತಕವನ್ನು ತೊಡೆಗೆ ಬಡಿದ. ಗೋಡೆಯ ಗಡಿಯಾರ ನೋಡಿದ್ದು ಅವನೇ. ಹನ್ನೆರಡೂ ನಲವತ್ತು.

"ಎಷ್ಟೊತ್ತಿಗೆ ಬರೋಕೆ ಅಂದ ಆ ವಾರ್ಡಿನವನು?"

"ಒಂದೂವರೆ."

"ಇದನ್ನ ಹೇಳಿ ಮುಗಿಸೋಕೆ. ಅಷ್ಟಕ್ಕೇ. ಗೊತ್ತಾಯ್ತಾ?"

"ಗೊತ್ತಾಯ್ತು."

"ನೀನು ಗೆದ್ದೆ ಅಂತ ಅಲ್ಲ."

"ಅಲ್ಲ. ಅಂಗಿ ಹಾಕ್ಕೋ."

ಮೂರು ಮಹಡಿ ಇಳಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಪ್ರತಿ ತಿರುವಿನಲ್ಲಿ ಅವನು ಮೆಟ್ಟಿಲ ಮೇಲೆ ಕೂತ. ಎರಡನೇ ಮಹಡಿಯಲ್ಲಿ ಒಂದು ಸಲ ಅವನ ಕಣ್ಣು ಮೇಲೆ ಸರಿದಾಗ ಅಕ್ಕ ಅವನ ಕೆನ್ನೆಗೆ ಬಡಿದಳು. ಫೋನ್ ಮಾಡಿ ಮತ್ತೆ ಕರೆಸಿದ್ದ ಆಟೋದವನು ಓಡಿಬಂದು ಇನ್ನೊಂದು ತೋಳು ಹಿಡಿದ.

ವಾರ್ಡಿನ ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ನಾಲ್ಕು ಕೆಜಿ ಎಂಟುನೂರು ಗ್ರಾಂ ಹೆಚ್ಚಿಗೆ ತೋರಿಸಿತು. ಟೆಕ್ನಿಷಿಯನ್ ಬೈಯಲಿಲ್ಲ. ಆಮ್ಲಜನಕದ ಮುಖವಾಡ ಹಾಕಿ, ಹಾಸಿಗೆಯ ತಲೆಭಾಗ ಎತ್ತರಿಸಿ, ಎರಡು ಸೂಜಿಗಳನ್ನೂ ಒಂದೇ ಸಲಕ್ಕೆ ಚುಚ್ಚಿದ. ಕೆಂಪು ಕೊಳವೆ ತುಂಬಿತು. "ಇವತ್ತು ಮೂರೂವರೆ ತೆಗೀತೀನಿ, ಅದಕ್ಕಿಂತ ಹೆಚ್ಚು ತೆಗೆದ್ರೆ ಹೃದಯ ತಡ್ಕೊಳ್ಳಲ್ಲ. ಉಳಿದಿದ್ದು ಗುರುವಾರ ನೋಡೋಣ." ಅಕ್ಕನನ್ನು ಸಾಮಾನ್ಯವಾಗಿ ಒಳಗೆ ಬಿಡುತ್ತಿರಲಿಲ್ಲ. ಅಂದು ಅವನು ಒಂದು ಸ್ಟೂಲು ಎಳೆದು ಕೊಟ್ಟ.

ಮೊದಲ ಗಂಟೆ ತಮ್ಮ ಕಣ್ಣು ಮುಚ್ಚಿ ಮುಖವಾಡದಲ್ಲಿ ಉಸಿರಾಡಿದ. ಎರಡನೇ ಗಂಟೆಯಲ್ಲಿ ಮುಖವಾಡ ಸರಿಸಿ, "ಪುಸ್ತಕ," ಎಂದ. ಅದನ್ನು ಅಕ್ಕನೇ ಬಿಡಿಸಿ ಹಿಡಿದಳು. ಮಗು ಮತ್ತು ಲಿಫ್ಟಿನ ಮಾತನ್ನು ಅವನು ತುಂಡು ತುಂಡಾಗಿ ಮುಗಿಸಿದ. ಅಕ್ಕನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ, ಆಗಲಿಲ್ಲ ಎಂದಳು. ಅವನು ಹಣೆ ಚಚ್ಚಿಕೊಂಡು ಇನ್ನೊಂದು ಥರ ಹೇಳಿದ. ನಾಲ್ಕನೇ ಚಿಹ್ನೆಯ ಹೊತ್ತಿಗೆ ಅವನ ಕಾಲಿಗೆ ಸ್ನಾಯುಸೆಳೆತ ಬಂದು ಹಾಸಿಗೆಯಿಂದ ಮೇಲೆದ್ದು ಚೀರಿದ. ಅಕ್ಕ ಹಿಮ್ಮಡಿ ಹಿಡಿದು ತನ್ನ ಭಾರವನ್ನೆಲ್ಲ ಹಾಕಿ ಒತ್ತಿದಳು. ಅದು ಇಳಿಯಲು ಹತ್ತು ನಿಮಿಷ. ಇಳಿದ ಮೇಲೆ ಅವನು ಗೋಡೆ ಕಡೆ ಮುಖ ತಿರುಗಿಸಿದ, ಕಣ್ಣಂಚಿನಿಂದ ನೀರು ದಿಂಬಿಗೆ ಇಳಿಯಿತು.

"ಇದನ್ನೇ ಅಕ್ಕಾ," ಎಂದ. "ಇದನ್ನೇ ನಾನು ಹೇಳಿದ್ದು."

ಅಕ್ಕ ಅವನ ಕಾಲಿನ ಮೇಲೆ ಹೊದಿಕೆ ಎಳೆದಳು.

ಐದು ಗಂಟೆ ದಾಟಿದಾಗ ಟೆಕ್ನಿಷಿಯನ್ ಪಾಳಿಯ ಪುಸ್ತಕ ಹಿಡಿದು ಬಂದ. ಪೆನ್ನಿನ ಟೋಪಿ ಹಲ್ಲಲ್ಲಿ ಕಚ್ಚಿ ತೆಗೆದು ಅಕ್ಕನ ಕಡೆ ನೋಡಿದ. "ಗುರುವಾರ ಬೆಳಗ್ಗೆ ಏಳಕ್ಕೆ. ಹೆಸರು ಬರ್ಕೊಳ್ಳಲಾ?"

ಅಕ್ಕ ತಮ್ಮನ ಬೆನ್ನು ನೋಡಿದಳು. ಹೂಂ ಎನ್ನಲು ಅವಳಿಗೆ ಧೈರ್ಯ ಬರಲಿಲ್ಲ. ಯಂತ್ರದ ಪಂಪು ಸುತ್ತುತ್ತಿತ್ತು. ಟೆಕ್ನಿಷಿಯನ್ ಕಾದ.

"ಪೆನ್ಸಿಲಲ್ಲಿ ಬರ್ಕೊಳ್ಳಿ," ಎಂದ ತಮ್ಮ, ತಿರುಗದೆ.

"ನನ್ನ ಹತ್ರ ಪೆನ್ನೇ ಇರೋದು ಸಾಹೇಬ್ರೇ."

ಅಕ್ಕ ಚೀಲದೊಳಗೆ ಕೈ ಹಾಕಿ, ತಡಕಾಡಿ, ಪೆನ್ಸಿಲ್ ತೆಗೆದು ಅವನಿಗೆ ಕೊಟ್ಟಳು.